ಗೆಜ್ಜೆಗಿಂತ ಮೊದಲು ಹೆಜ್ಜೆ

ಸಂಜೆಯ ಹೊತ್ತು ಭರತನಾಟ್ಯದ ಪಾಠ ನಡೆಯುವ ಕೊಠಡಿಯ ಪಕ್ಕ ಹಾದುಹೋದವರಿಗೆ ಮೊದಲು ಕೇಳಿಸುವುದು ಹಾಡಲ್ಲ. ಮರದ ಮಣೆಯ ಮೇಲೆ ಕೋಲು ಬೀಳುವ ‘ಟಕ್ ಟಕ್’ ಸದ್ದು, ಅದರ ಹಿಂದೆಯೇ ಹತ್ತಾರು ಬರಿಗಾಲುಗಳು ಒಟ್ಟಿಗೆ ನೆಲಕ್ಕೆ ಬಡಿಯುವ ಸದ್ದು. ‘ತೈಯಾ ತೈ’ ಎಂದು ಗುರುಗಳು ಹೇಳುತ್ತಾರೆ, ಮಕ್ಕಳು ತಟ್ಟುತ್ತಾರೆ. ಅರ್ಧ ಗಂಟೆ ಬಿಟ್ಟು ಅದೇ ದಾರಿಯಲ್ಲಿ ಮರಳಿ ಬಂದರೂ ಅದೇ ‘ತೈಯಾ ತೈ’. ಮಗಳನ್ನು ಕರೆದೊಯ್ಯಲು ಬಂದು ಹೊರಗೆ ಕಾಯುವ ತಾಯಿಗೆ ಒಂದು ಅನುಮಾನ ಬರುವುದು ಸಹಜ: ಆರು ತಿಂಗಳಾಯಿತು, ಇವರು ಇನ್ನೂ ನೃತ್ಯ ಕಲಿಸಲು ಶುರುಮಾಡಲಿಲ್ಲವಲ್ಲ?

ಶುರುವಾಗಿದೆ. ನೋಡುವವರಿಗೆ ಬೇಸರ ತರಿಸುವ ಈ ಕಾಲಿನ ಸಾಧಕಕ್ಕೆ ವೇದಿಕೆಯ ನೃತ್ಯಕ್ಕಿಂತ ಉದ್ದವಾದ, ಅದಕ್ಕಿಂತ ಹೆಚ್ಚು ಕಷ್ಟ ಕಂಡ ಚರಿತ್ರೆಯಿದೆ. ಆ ಚರಿತ್ರೆಯ ಒಂದು ದೊಡ್ಡ ಭಾಗ ನಡೆದದ್ದು ನಮ್ಮ ಕಪಿಲೆಯ ದಡದಲ್ಲೇ. ಆದರೆ ಅದಕ್ಕೆ ಮೊದಲು ಸ್ವಲ್ಪ ದೂರ ಹೋಗಿ ಬರಬೇಕು.

ಹಳೆಯ ಇಂಗ್ಲಿಷ್ ಚಲನಚಿತ್ರಗಳನ್ನು ನೋಡಿದವರಿಗೆ ಟ್ಯಾಪ್ ಡ್ಯಾನ್ಸ್ ಹೊಸದಲ್ಲ. ಬೂಟಿನ ಅಟ್ಟೆಗೆ ಮುಂದೊಂದು, ಹಿಮ್ಮಡಿಗೊಂದು ಲೋಹದ ಬಿಲ್ಲೆ ಹೊಡೆದುಕೊಂಡು, ಮರದ ನೆಲದ ಮೇಲೆ ಕಾಲಿನಿಂದಲೇ ಮೃದಂಗ ನುಡಿಸುವ ಕುಣಿತ ಅದು. ಫ್ರೆಡ್ ಆಸ್ಟೇರ್ ಅದನ್ನು ಸಿನಿಮಾದ ಮೂಲಕ ಜಗತ್ತಿಗೆ ತೋರಿಸಿದ. ಆದರೆ ಅದರ ಬೇರು ಅಮೆರಿಕದ ಕರಿಯರ ಬದುಕಿನಲ್ಲಿದೆ. 1739ರಲ್ಲಿ ದಕ್ಷಿಣ ಕೆರೊಲಿನಾದ ಗುಲಾಮರು ಸ್ಟೋನೊ ನದಿಯ ಬಳಿ ದಂಗೆ ಎದ್ದರು. ಡೋಲು ಬಾರಿಸಿ ಜನ ಸೇರಿಸಿದರೆಂಬ ಭಯದಿಂದ ಮರುವರ್ಷವೇ, 1740ರಲ್ಲಿ, ಗುಲಾಮರು ಡೋಲು ಇಟ್ಟುಕೊಳ್ಳಬಾರದೆಂದು ಅಲ್ಲಿನ ಬಿಳಿಯರು ಕಾನೂನು ಮಾಡಿದರು. ಡೋಲು ಹೋಯಿತು, ಲಯ ಹೋಗಲಿಲ್ಲ. ಅದು ಅಂಗೈಗೆ, ತೊಡೆಗೆ, ಪಾದಕ್ಕೆ ಇಳಿಯಿತು ಎಂದು ಈ ಕಲೆಯ ಇತಿಹಾಸ ಬರೆದವರು ಹೇಳುತ್ತಾರೆ. ಮುಂದೆ ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ಬಡವರ ಜಿಗ್ ಕುಣಿತವೂ ಇದರೊಂದಿಗೆ ಬೆರೆತು ಟ್ಯಾಪ್ ಹುಟ್ಟಿತು. 1842ರಲ್ಲಿ ಅಮೆರಿಕ ಪ್ರವಾಸ ಮಾಡಿದ ಕಾದಂಬರಿಕಾರ ಡಿಕನ್ಸ್ ನ್ಯೂಯಾರ್ಕಿನ ಬಡಕೇರಿಯೊಂದರಲ್ಲಿ ಕರಿಯ ಹುಡುಗನೊಬ್ಬನ ಕಾಲಿನ ಚಳಕ ಕಂಡು ಬೆರಗಾಗಿ ಬರೆದಿದ್ದಾನೆ. ಆ ಹುಡುಗ ‘ಮಾಸ್ಟರ್ ಜೂಬಾ’ ಎಂದು ಹೆಸರಾದ ವಿಲಿಯಂ ಹೆನ್ರಿ ಲೇನ್ ಇರಬೇಕೆಂಬುದು ಬಲ್ಲವರ ಮಾತು.

ಟ್ಯಾಪ್ ಕಲಿಯುವವರ ಮೊದಲ ಪಾಠಗಳನ್ನು ನೋಡಿದರೆ ನಮ್ಮ ಮಕ್ಕಳ ‘ತೈಯಾ ತೈ’ ನೆನಪಾಗದೆ ಇರದು. ಮುಂಗಾಲು ಊರಿ ಹಿಮ್ಮಡಿ ಬೀಳಿಸುವುದು. ಹಿಮ್ಮಡಿ ಊರಿ ಮುಂಗಾಲು ಬೀಳಿಸುವುದು. ಆಮೇಲೆ ‘ಷಫಲ್’: ಮುಂಗಾಲನ್ನು ನೆಲಕ್ಕೆ ಸವರಿ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಬೀಸಿ ಎರಡು ಸದ್ದು ತೆಗೆಯುವುದು. ‘ಕ್ರ್ಯಾಂಪ್ ರೋಲ್’ ಎಂಬುದರಲ್ಲಿ ನಾಲ್ಕು ಸದ್ದು: ಬಲ ಮುಂಗಾಲು, ಎಡ ಮುಂಗಾಲು, ಬಲ ಹಿಮ್ಮಡಿ, ಎಡ ಹಿಮ್ಮಡಿ. ಈ ನಾಲ್ಕೂ ಒಂದೇ ತೂಕದಲ್ಲಿ, ಒಂದೇ ಅಂತರದಲ್ಲಿ ಕೇಳಿಸುವವರೆಗೆ ನಿಧಾನವಾಗಿಯೇ ಮಾಡಬೇಕು, ವೇಗ ಆಮೇಲೆ. ಅವಸರ ಮಾಡಿದವನ ಕಾಲಿನಿಂದ ಬರುವುದು ಲಯವಲ್ಲ, ಗದ್ದಲ. ಇದನ್ನು ಅಲ್ಲಿನ ಗುರುಗಳೂ ಹೇಳುತ್ತಾರೆ, ಇಲ್ಲಿನ ಗುರುಗಳೂ ಹೇಳುತ್ತಾರೆ. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತರೆಂದು ಇದರ ಅರ್ಥವಲ್ಲ. ಮನುಷ್ಯನ ಪಾದಕ್ಕೆ ಇರುವುದು ಒಂದು ಮುಂಗಾಲು, ಒಂದು ಹಿಮ್ಮಡಿ. ಅದರಿಂದ ನುಡಿ ಹೊರಡಿಸಲು ಹೊರಟವರೆಲ್ಲ ಹೆಚ್ಚು ಕಡಿಮೆ ಒಂದೇ ಬಾಗಿಲಿಗೆ ಬಂದು ನಿಲ್ಲಬೇಕು.

ನಮ್ಮಲ್ಲಿ ಆ ಬಾಗಿಲು ಬಹಳ ಹಳೆಯದು. ಭರತನ ನಾಟ್ಯಶಾಸ್ತ್ರ ಪಾದದ ಐದು ಬಗೆಗಳನ್ನು ಹೇಳುತ್ತದೆ. ಅವುಗಳಲ್ಲಿ ‘ಉದ್ಘಟ್ಟಿತ’ ಒಂದು: ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನೆಲಕ್ಕೆ ಬಡಿಯುವುದು. ಟ್ಯಾಪ್‌ನ ಮೊದಲ ಪಾಠಕ್ಕೆ ಇದಕ್ಕಿಂತ ಚಿಕ್ಕದಾದ ವಿವರಣೆ ಸಿಗಲಾರದು! ಕನ್ನಡ ನಾಡಿನವರೂ ಈ ಶಾಸ್ತ್ರಕ್ಕೆ ಕಡಿಮೆ ಕಾಣಿಕೆ ಕೊಟ್ಟವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ನೃತ್ಯಕ್ಕೇ ಒಂದು ಭಾಗವಿದೆ. ಹದಿನಾರನೆಯ ಶತಮಾನದಲ್ಲಿ ಸಾತನೂರಿನ ಪುಂಡರೀಕ ವಿಠಲ ಉತ್ತರದ ಆಸ್ಥಾನಗಳಿಗೆ ಹೋಗಿ ‘ನರ್ತನನಿರ್ಣಯ’ ಬರೆದ. ಆ ಗ್ರಂಥವನ್ನು ಮೂರು ಸಂಪುಟಗಳಲ್ಲಿ ಸಂಪಾದಿಸಿ ಕೊಟ್ಟವರು ಮೈಸೂರಿನ ವಿದ್ವಾಂಸ ರಾ. ಸತ್ಯನಾರಾಯಣ.

ಆದರೆ ಗ್ರಂಥ ಓದಿ ಯಾರೂ ಕಾಲು ತಟ್ಟಲು ಕಲಿಯುವುದಿಲ್ಲ. ಕಲಿಕೆಗೆ ಮೆಟ್ಟಿಲು ಬೇಕು. ಸಂಗೀತಕ್ಕೆ ಆ ಮೆಟ್ಟಿಲು ಕಟ್ಟಿದವರು ಪುರಂದರದಾಸರೆಂದು ನಾವು ನಂಬಿದ್ದೇವೆ: ಸರಳೆ, ಜಂಟಿ, ಅಲಂಕಾರ, ಗೀತೆ ಎಂದು ಒಂದರ ಮೇಲೊಂದು. ನೃತ್ಯಕ್ಕೆ ಅಂಥದೇ ಮೆಟ್ಟಿಲನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಒಪ್ಪಮಾಡಿ ಕೊಟ್ಟವರು ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರು: ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು. ಇವರಲ್ಲಿ ಹಿರಿಯನಾದ ಚಿನ್ನಯ್ಯ ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದ. ಹೀಗೆ ತಂಜಾವೂರಿನ ಅಡವುಗಳ ಲೆಕ್ಕಾಚಾರ ಮೈಸೂರಿನಲ್ಲಿ ಆಗಲೇ ಇದ್ದ ನೃತ್ಯದ ಪಕ್ಕದಲ್ಲಿ ಬಂದು ಕುಳಿತಿತು.

ಅಡವು ಎಂದರೆ ನೃತ್ಯದ ಅಕ್ಷರಮಾಲೆ. ಹೆಸರುಗಳು ತಮಿಳಿನವಾದರೂ ಕನ್ನಡದ ಕಿವಿಗೆ ಅವು ಪರಕೀಯವಲ್ಲ. ತಟ್ಟಡವಿನ ‘ತಟ್ಟು’ ನಮ್ಮ ರೊಟ್ಟಿ ತಟ್ಟುವ ತಟ್ಟೇ. ಮೆಟ್ಟಡವಿನ ‘ಮೆಟ್ಟು’ ನಾವು ಹೊಸ್ತಿಲು ಮೆಟ್ಟಬೇಡ ಎನ್ನುವಾಗಿನ ಮೆಟ್ಟೇ. ಮೊದಲು ಅರೆಮಂಡಿ: ಮಂಡಿಗಳನ್ನು ಪಕ್ಕಕ್ಕೆ ತೆರೆದು, ಬೆನ್ನು ನೆಟ್ಟಗಿಟ್ಟು, ಅರ್ಧ ಕುಳಿತ ಭಂಗಿ. ಹೊಸಬರಿಗೆ ಐದು ನಿಮಿಷದಲ್ಲಿ ತೊಡೆ ನಡುಗಲು ತೊಡಗುತ್ತದೆ. ಆ ಭಂಗಿಯಲ್ಲೇ ಒಂದು ಕಾಲೆತ್ತಿ ಇಡೀ ಪಾದವನ್ನು ನೆಲಕ್ಕೆ ತಟ್ಟಬೇಕು. ಪಾದದ ಯಾವ ಭಾಗವೂ ಮೊದಲು ತಾಗಕೂಡದು. ಸರಿಯಾಗಿ ತಟ್ಟಿದರೆ ತುಂಬಿದ, ಒಂದೇ ಸದ್ದು. ತಪ್ಪಾಗಿ ತಟ್ಟಿದರೆ ಎರಡು ಹೋಳಾದ ಸದ್ದು. ಗುರು ಕಣ್ಣು ಮುಚ್ಚಿ ಕುಳಿತಿದ್ದರೂ ಯಾರ ಕಾಲು ತಪ್ಪಿತೆಂದು ಹೇಳುವುದು ಇದರಿಂದಲೇ.

ತಟ್ಟಡವು ಕೂಡಿಬಂದ ಮೇಲೆ ಹಿಮ್ಮಡಿ ಊರುವ ನಾಟಡವು. ಆಮೇಲೆ ಮುಂಗಾಲಿನ ಮೇಲೆ ಕುಪ್ಪಳಿಸಿ ಹಿಮ್ಮಡಿ ಬಡಿಯುವ ಕುದಿತ್ತ ಮೆಟ್ಟಡವು, ‘ತೈ ಹತ ತೈ ಹಿ’. ಭರತನ ಉದ್ಘಟ್ಟಿತ ಇಲ್ಲಿ ಇನ್ನೂ ಜೀವಂತವಾಗಿದೆ. ಪ್ರತಿಯೊಂದನ್ನೂ ಮೂರು ಕಾಲದಲ್ಲಿ ಮಾಡಬೇಕು. ಆದಿತಾಳದ ಒಂದು ಆವರ್ತಕ್ಕೆ ಮೊದಲ ಕಾಲದಲ್ಲಿ 8 ತಟ್ಟು, ಎರಡನೆಯದರಲ್ಲಿ 16, ಮೂರನೆಯದರಲ್ಲಿ 32. ತಾಳ ಓಡುವುದಿಲ್ಲ, ಕಾಲು ಮಾತ್ರ ಓಡಬೇಕು. ಕಲಿಯುವವರು ಸಾಮಾನ್ಯವಾಗಿ ಎಡವುವುದು ಮೂರನೆಯ ಕಾಲದಲ್ಲಲ್ಲ, ಮೂರನೆಯದರಿಂದ ಮೊದಲನೆಯದಕ್ಕೆ ಮರಳುವಾಗ. ಓಡುತ್ತಿದ್ದವನನ್ನು ನಡೆಯಲು ಹೇಳಿದಂತೆ ಅದು. ಆದ್ದರಿಂದ ಬಲ್ಲ ಗುರುಗಳು ಏರಿಸುವುದನ್ನು ಮಾತ್ರವಲ್ಲ, ಇಳಿಸುವುದನ್ನೂ ಸಾಧಕ ಮಾಡಿಸುತ್ತಾರೆ.

ಇನ್ನು ಜಾತಿಗಳ ಲೆಕ್ಕ. ಮೂರರ ತಕಿಟ, ನಾಲ್ಕರ ತಕಧಿಮಿ, ಐದರ ತಕತಕಿಟ, ಏಳರ ತಕಿಟತಕಧಿಮಿ, ಒಂಬತ್ತರ ತಕಧಿಮಿತಕತಕಿಟ. ಇದನ್ನು ಮೊದಲು ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಹೇಳಬೇಕು. ಆಮೇಲೆ ಕಾಲಿಗೆ ಇಳಿಸಬೇಕು. ಬಾಯಿಗೆ ಬಾರದ್ದು ಕಾಲಿಗೆ ಬರುವುದಿಲ್ಲ. ಇಲ್ಲೊಂದು ಚೆಂದದ ಉಪಾಯ ಅಡಗಿದೆ. ಬಲ, ಎಡ, ಬಲ, ಎಡ ಎಂದು ಒಂದಾದ ಮೇಲೊಂದು ಕಾಲು ತಟ್ಟುತ್ತ ನಾಲ್ಕರ ಲೆಕ್ಕ ನಡೆಸಿದರೆ ಪ್ರತಿ ಗುಂಪಿನ ಮೊದಲ ಪೆಟ್ಟು ಯಾವಾಗಲೂ ಬಲಗಾಲಿಗೇ ಬೀಳುತ್ತದೆ. ಐದರ ಲೆಕ್ಕ ಹಿಡಿದರೆ ಮೊದಲ ಗುಂಪು ಬಲಗಾಲಿನಿಂದ, ಎರಡನೆಯದು ಎಡಗಾಲಿನಿಂದ ಶುರುವಾಗುತ್ತದೆ. ಬೆಸ ಸಂಖ್ಯೆ ಸೋಮಾರಿ ಕಾಲನ್ನು ಬಿಡುವುದಿಲ್ಲ! ಎಡಗಾಲಿನ ತಟ್ಟು ಬಲಗಾಲಿನದರಷ್ಟೇ ತುಂಬಿ ಕೇಳುವವರೆಗೆ ತಕತಕಿಟ ನಿಲ್ಲಿಸಬಾರದು.

ಎಲ್ಲ ಕುಣಿತವೂ ಹೀಗೆ ಮೆಟ್ಟಿಲು ಹತ್ತಿಯೇ ಬರಬೇಕೆಂದೇನೂ ಇಲ್ಲ. ಸರಗೂರು, ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಜೇನುಕುರುಬರ, ಬೆಟ್ಟಕುರುಬರ ಮಕ್ಕಳಿಗೆ ಯಾರೂ ಅಡವಿನ ಪಾಠ ಹೇಳುವುದಿಲ್ಲ. ವಾದ್ಯ ಶುರುವಾದಾಗ ದೊಡ್ಡವರ ಹಿಂದೆ ಸಾಲು ಸೇರುತ್ತವೆ. ತಪ್ಪಿದರೆ ಮುಂದಿನವರ ಬೆನ್ನು ನೋಡಿ ತಿದ್ದಿಕೊಳ್ಳುತ್ತವೆ. ಮಾದಪ್ಪನ ಗುಡ್ಡರ ಕಂಸಾಳೆಯಲ್ಲಿ ಕೈಯ ಕಂಚು ತಾಳ ಹಿಡಿಯುತ್ತದೆ, ಕಾಲು ಅದಕ್ಕೆ ಉತ್ತರ ಕೊಡುತ್ತದೆ. ಸಮುದಾಯ ಒಟ್ಟಿಗೆ ಇರುವವರೆಗೆ ಈ ಕಲಿಕೆಗೆ ಪಾಠದ ಹಂಗಿಲ್ಲ. ಸಮುದಾಯ ಚದುರಿದರೆ ಅದನ್ನು ಹಿಡಿದಿಡುವ ಪುಸ್ತಕವೂ ಇಲ್ಲ, ಮಣೆಯೂ ಇಲ್ಲ. ಕಾಡಿನಿಂದ ಎಬ್ಬಿಸಿ ಬೇರೆಡೆ ಕೂರಿಸಲಾದ ಹಾಡಿಗಳಿಗೆ ಈ ಮಾತು ಬರಿಯ ಸಿದ್ಧಾಂತವಲ್ಲ.

ಹಾಗಾದರೆ ಪಾಠ, ಮೆಟ್ಟಿಲು, ಗುರು ಎಲ್ಲ ಇದ್ದ ಕಲೆಗೆ ಅಪಾಯವಿರಲಿಲ್ಲವೆ? ಇತ್ತು. ಅದನ್ನು ನೋಡಲು ಸರಗೂರಿನಿಂದ ನದಿಯ ಜೊತೆಯಲ್ಲೇ ಕೆಳಗಿಳಿಯಬೇಕು. ಸರಗೂರಿನ ಪಕ್ಕದಲ್ಲಿ ಹಾಯುವ ಕಬಿನಿ ನಂಜನಗೂಡಿನಲ್ಲಿ ಕಪಿಲೆಯೆಂದು ಪೂಜೆಗೊಂಡು, ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಒಂದು ಕಾಲಕ್ಕೆ ದೇವದಾಸಿಯರ ಸೇವೆ ಇತ್ತು. ತಿರುಮಕೂಡಲು ನರಸೀಪುರ ತಾಲ್ಲೂಕಿನ ಮೂಗೂರು ತ್ರಿಪುರಸುಂದರಿಯ ಊರು; ನೃತ್ಯದಲ್ಲಿ ತನ್ನ ಹೆಸರಿನದೇ ಒಂದು ಪರಂಪರೆಯನ್ನು ಪಡೆದ ಊರು. ಮೂಗೂರು ಜೇಜಮ್ಮ, ಸುಂದರಮ್ಮ ಆ ಪರಂಪರೆಯ ಹೆಸರಾಂತ ಕೊಂಡಿಗಳು.

ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಮದರಾಸು ಪ್ರಾಂತ್ಯ ಇಂಥದೇ ಕಾನೂನು ಮಾಡಿದ್ದು 1947ರಲ್ಲಿ. ಅಂದರೆ ಮೈಸೂರು ಸುಮಾರು ನಾಲ್ಕು ದಶಕ ಮುಂದಿತ್ತು. ಆಗಮ ಬಲ್ಲವರನ್ನು ಕೇಳಿ, ಈ ಸೇವೆಗೆ ಶಾಸ್ತ್ರ ಬಯಸುವ ಪಾವಿತ್ರ್ಯ ಈಗ ಉಳಿದಿಲ್ಲವೆಂದು ಸರ್ಕಾರ ತೀರ್ಮಾನಿಸಿತು. ನಂಜನಗೂಡಿನ ದೇವಾಲಯದ ದೇವದಾಸಿಯರು ಅರ್ಜಿ ಹಾಕಿಕೊಂಡರು: ಇದು ತಲೆತಲಾಂತರದಿಂದ ಬಂದ ಸೇವೆ, ನಮ್ಮ ಜೀವನ ಇದನ್ನೇ ನಂಬಿದೆ ಎಂದು. ಅರ್ಜಿ ಫಲಿಸಲಿಲ್ಲ.

ಇಲ್ಲಿ ಎರಡು ಮಾತನ್ನು ಒಟ್ಟಿಗೆ ಹೇಳಬೇಕಾಗುತ್ತದೆ. ಎಳೆಯ ಹುಡುಗಿಯನ್ನು ದೇವರ ಹೆಸರಿನಲ್ಲಿ ಯಾರದೋ ಸ್ವತ್ತು ಮಾಡುವ ಪದ್ಧತಿ ನಿಲ್ಲಲೇಬೇಕಿತ್ತು. ಅದನ್ನು ಸಂಪೂರ್ಣ ತೊಡೆಯಲು ಕರ್ನಾಟಕ 1982ರಲ್ಲಿ ಮತ್ತೊಂದು ಕಾನೂನು ಮಾಡಬೇಕಾಯಿತೆಂದರೆ ಅದರ ಬೇರು ಎಷ್ಟು ಆಳದಲ್ಲಿತ್ತೆಂದು ತಿಳಿಯುತ್ತದೆ. ಆದರೆ 1909ರ ಆಜ್ಞೆ ನಿಲ್ಲಿಸಿದ್ದು ಹೆಂಗಸರ ಸೇವೆಯನ್ನು. ಅವರನ್ನು ಬಳಸಿಕೊಂಡ ಗಂಡಸರಿಗೆ ಅದರಿಂದ ಯಾವ ನಷ್ಟವೂ ಆಗಲಿಲ್ಲ. ಆ ಹೆಂಗಸರ ಕಾಲಿನಲ್ಲಿದ್ದ ವಿದ್ಯೆಯ ಗತಿ ಏನೆಂದು ಕೇಳಬೇಕೆಂದು ಯಾರಿಗೂ ತೋರಲಿಲ್ಲ.

‘ಗೆಜ್ಜೆಪೂಜೆ’ ಎಂಬ ಒಂದು ಮಾತಿನಲ್ಲೇ ಈ ಕತೆಯನ್ನು ಓದಬಹುದು. ಅಂದು ಗೆಜ್ಜೆಪೂಜೆಯೆಂದರೆ ಹುಡುಗಿಯನ್ನು ಆ ವೃತ್ತಿಗೆ ಇಳಿಸುವ ಶಾಸ್ತ್ರ. ಮರ್ಯಾದಸ್ಥರ ಮನೆಯಲ್ಲಿ ಆ ಮಾತನ್ನು ಗಟ್ಟಿಯಾಗಿ ಆಡುತ್ತಿರಲಿಲ್ಲ. ಎಂ. ಕೆ. ಇಂದಿರಾ ಅವರು ಅದೇ ಹೆಸರಿನ ಕಾದಂಬರಿ ಬರೆದರು. 1969ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದರು. ವೇಶ್ಯೆಯ ಮಗಳಾಗಿ ಹುಟ್ಟಿ, ಗೃಹಿಣಿಯಾಗಿ ಬಾಳಲು ಬಯಸುವ ಚಂದ್ರಾ ಆಗಿ ಕಲ್ಪನಾ ಅವರನ್ನು ಕಂಡು ಕಣ್ಣೊರೆಸಿಕೊಳ್ಳದ ಪ್ರೇಕ್ಷಕರು ಕಡಿಮೆ. (ಪುಟ್ಟಣ್ಣನವರ ಕಣಗಾಲು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಊರೆಂಬುದು ಎಷ್ಟು ಜನರಿಗೆ ಗೊತ್ತೋ!) ಇಂದು ಅದೇ ಗೆಜ್ಜೆಪೂಜೆಗೆ ಆಮಂತ್ರಣ ಪತ್ರಿಕೆ ಅಚ್ಚಾಗುತ್ತದೆ. ಅಡವುಗಳನ್ನು ಮುಗಿಸಿದ ಹುಡುಗಿಗೆ ಗುರುಗಳು ಪೂಜೆ ಮಾಡಿ ಗೆಜ್ಜೆ ಕೊಡುವ ಸಂಭ್ರಮ ಅದು. ನೆಂಟರಿಷ್ಟರೆಲ್ಲ ಬಂದು ಉಂಡು ಹೋಗುತ್ತಾರೆ. ಮಾತು ಮಡಿಯಾಯಿತು. ಅದನ್ನು ಹೊತ್ತು ಬಂದವರ ಹೆಸರು ಮಾತ್ರ ಆ ಪತ್ರಿಕೆಯಲ್ಲಿ ಇರುವುದಿಲ್ಲ.

ದೇವಾಲಯದಿಂದ ಹೊರಬಿದ್ದ ವಿದ್ಯೆ ಉಳಿದದ್ದು ಮೈಸೂರು ಅರಮನೆಯ ಆಸರೆಯಲ್ಲಿ ಮತ್ತು ಕೆಲವೇ ಮನೆಗಳ ನಡುಮನೆಯಲ್ಲಿ. ಆ ಮನೆಗಳಲ್ಲಿ ಮೊದಲ ಹೆಸರು ಜಟ್ಟಿ ತಾಯಮ್ಮನವರದು (1857-1947). ‘ಜಟ್ಟಿ’ ಎಂಬುದು ಕುಸ್ತಿಯ ಹೆಸರು, ತಂದೆ ಪೈಲ್ವಾನರು. ಗರಡಿಯಲ್ಲಿ ದಿನವೂ ಸಾಮು ಮಾಡದವನು ದಸರೆಯ ಅಖಾಡಕ್ಕೆ ಇಳಿಯುವಂತಿಲ್ಲ ಎಂಬುದು ಗೊತ್ತಿದ್ದ ಮನೆತನದಿಂದ ಬಂದವರು ಕಾಲಿನ ಸಾಧಕವನ್ನು ಹಗುರವಾಗಿ ಕಂಡಿರಲಾರರು ಎಂದು ನನಗೆ ಅನ್ನಿಸುತ್ತದೆ. ಇವರ ಬಳಿಗೆ ಎಂಟು ವರ್ಷದ ಲಂಬಾಣಿ ಹುಡುಗಿಯೊಬ್ಬಳನ್ನು ಅಜ್ಜ ಅಜ್ಜಿ ಕರೆತಂದು ಬಿಟ್ಟರು. ಕಡೂರು ಕಡೆಯ ತಂಗಲಿ ತಾಂಡಾದಲ್ಲಿ 1906ರಲ್ಲಿ ಹುಟ್ಟಿದ ಆ ಹುಡುಗಿಯೇ ಕೆ. ವೆಂಕಟಲಕ್ಷಮ್ಮ. ಲೆಕ್ಕ ಹಾಕಿ ನೋಡಿ: ಆಕೆ ಕಲಿಯಲು ಬಂದದ್ದು 1909ರ ಆಜ್ಞೆಯಾಗಿ ಐದಾರು ವರ್ಷಕ್ಕೆ. ಮರ್ಯಾದೆಯ ಜನ ನೃತ್ಯದಿಂದ ಮುಖ ತಿರುಗಿಸಿದ್ದ ಹೊತ್ತಿನಲ್ಲಿ, ಹನ್ನೆರಡರ ವಯಸ್ಸಿಗೆ ಆಕೆಯ ರಂಗಪ್ರವೇಶವಾಯಿತು. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ನೃತ್ಯ ವಿಭಾಗ ತೆರೆದಾಗ ಅದರ ಹೊಣೆ ಹೊತ್ತರು. ಅರಮನೆಯ ಒಳಾಂಗಣದ ವಿದ್ಯೆ ಹೀಗೆ ಕಾಲೇಜಿನ ವೇಳಾಪಟ್ಟಿಗೆ ಬಂತು. 1992ರಲ್ಲಿ ಪದ್ಮಭೂಷಣ ಬಂದಾಗ ಅವರಿಗೆ ಎಂಬತ್ತಾರು, 2002ರಲ್ಲಿ ತೀರಿಕೊಂಡರು.

ಆದರೆ ಎಲ್ಲವೂ ಉಳಿಯಿತೆಂದು ಹೇಳುವಂತಿಲ್ಲ. ತಾಯಮ್ಮ, ವೆಂಕಟಲಕ್ಷಮ್ಮನವರ ಹೆಸರು ಹೇಳಿದರೆ ರಸಿಕರು ನೆನೆಯುವುದು ಅವರ ಅಭಿನಯವನ್ನು: ಪದ, ಜಾವಳಿ, ಅಷ್ಟಪದಿ, ಕುಳಿತಲ್ಲೇ ಮುಖದಲ್ಲಿ ಹತ್ತು ಭಾವ ತೋರುವ ಆ ಕಲೆಯನ್ನು. ಮೈಸೂರು ಶೈಲಿಯೆಂದರೆ ಅಭಿನಯ ಎಂಬ ಮಾತೇ ರೂಢಿಯಾಗಿಬಿಟ್ಟಿದೆ. ಅವರ ಕಾಲಿನ ಬಗ್ಗೆ ಬರೆದವರು ಕಡಿಮೆ. ಅಷ್ಟರಲ್ಲಿ ಪಂದನಲ್ಲೂರಿನ ಅಡವುಗಳು ಬಲವಾಗಿ ಬಂದವು. ಬೆಂಗಳೂರಿನ ಯು. ಎಸ್. ಕೃಷ್ಣರಾವ್, ಚಂದ್ರಭಾಗಾದೇವಿ ದಂಪತಿಗಳು ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತು ಬಂದು ಆ ಶಿಸ್ತನ್ನು ಇಲ್ಲಿ ಹರಡಿದರು. ಕೃಷ್ಣರಾಯರು ತಾಯಮ್ಮನವರಲ್ಲೂ ಕಲಿತವರು. ಅಭಿನಯದ ಋಣ ಮೈಸೂರಿಗೆ, ಕಾಲಿನ ಲೆಕ್ಕ ಪಂದನಲ್ಲೂರಿಗೆ. ಈ ಹೊಂದಾಣಿಕೆ ಅಂದಿನಿಂದ ನಡೆದುಬಂದಿದೆ. ಇಂದು ನಮ್ಮ ಊರುಗಳಲ್ಲಿ ಮಕ್ಕಳು ತಟ್ಟುವ ಅಡವು ಬಹುಮಟ್ಟಿಗೆ ತಂಜಾವೂರಿನದು. ಅದು ಒಳ್ಳೆಯ ಅಡವು, ದೂರುವಂತಿಲ್ಲ. ಆದರೆ ನಂಜನಗೂಡಿನ ರಂಗಮಂಟಪದಲ್ಲಿ, ಮೂಗೂರಿನ ಅಮ್ಮನವರ ಮುಂದೆ ಬಿದ್ದ ಹೆಜ್ಜೆಯ ಸದ್ದು ಹೇಗಿತ್ತೆಂದು ಅದರಿಂದ ತಿಳಿಯುವುದಿಲ್ಲ. ಮುಖದ ಭಾವವನ್ನು ಫೋಟೋ ಹಿಡಿಯುತ್ತದೆ, ಸಾಹಿತ್ಯವನ್ನು ಪುಸ್ತಕ ಹಿಡಿಯುತ್ತದೆ. ಹೆಜ್ಜೆಯ ತೂಕವನ್ನು ಇನ್ನೊಂದು ಕಾಲು ಮಾತ್ರ ಹಿಡಿಯಬಲ್ಲುದು, ಅದೂ ದಿನವೂ ಪಕ್ಕದಲ್ಲಿ ನಿಂತು ತಟ್ಟಿದರೆ.

ಈಚೆಗೆ ಟ್ಯಾಪ್‌ಗೂ ನಮ್ಮ ದೇಶದ ಹೆಜ್ಜೆಗೂ ಮುಖಾಮುಖಿಯಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಕಥಕ್ ಗುರು ಚಿತ್ರೇಶ್ ದಾಸ್ ಮತ್ತು ಅವರಿಗಿಂತ ಬಹಳ ಕಿರಿಯನಾದ ಟ್ಯಾಪ್ ಕಲಾವಿದ ಜೇಸನ್ ಸ್ಯಾಮ್ಯುಯೆಲ್ಸ್ ಸ್ಮಿತ್ ಒಂದೇ ವೇದಿಕೆಯಲ್ಲಿ ಎದುರುಬದುರು ನಿಂತು ಲಯದಲ್ಲಿ ಪ್ರಶ್ನೋತ್ತರ ನಡೆಸಿದರು. ಒಬ್ಬರದು ಗೆಜ್ಜೆ ಕಟ್ಟಿದ ಬರಿಗಾಲು, ಇನ್ನೊಬ್ಬನದು ಬಿಲ್ಲೆ ಹೊಡೆದ ಬೂಟು. ಭಾಷೆ ಬೇರೆಯಾದರೂ ಲೆಕ್ಕ ತಪ್ಪಲಿಲ್ಲ.

ಈಗ ಹೊರಗೆ ಕಾಯುತ್ತಿದ್ದ ಆ ತಾಯಿಯ ಮಾತಿಗೆ ಬರೋಣ. ಆರು ತಿಂಗಳಲ್ಲಿ ಒಂದು ಹಾಡಿಗೆ ನೃತ್ಯ ಕಲಿಸಿಕೊಡಿ, ಶಾಲೆಯ ವಾರ್ಷಿಕೋತ್ಸವಕ್ಕೆ ಬೇಕು ಎಂದು ಕೇಳುವವರು ಎಲ್ಲ ಊರುಗಳಲ್ಲೂ ಇದ್ದಾರೆ, ಕಲಿಸಿಕೊಡುವವರೂ ಇದ್ದಾರೆ. ಮೊದಲ ವಾರವೇ ಗೆಜ್ಜೆ ಕಟ್ಟಿಬಿಡುತ್ತಾರೆ. ಗೆಜ್ಜೆಯ ಗುಣವೇನೆಂದರೆ ಅದು ಕಾಲಿನ ತಪ್ಪನ್ನು ಮುಚ್ಚುತ್ತದೆ. ಪಾದ ಅರ್ಧ ತಾಗಿದರೂ ಝಲ್ ಎನ್ನುತ್ತದೆ, ಪೂರ್ತಿ ತಾಗಿದರೂ ಝಲ್ ಎನ್ನುತ್ತದೆ. ಬರಿಗಾಲಿನ ಸದ್ದು ಸುಳ್ಳು ಹೇಳುವುದಿಲ್ಲ. ಹಳಬರು ಗೆಜ್ಜೆಯನ್ನು ಕೊನೆಗೆ ಇಟ್ಟದ್ದು ಇದಕ್ಕೇ ಇರಬೇಕು.

ಇನ್ನೊಂದು ಮಾತು, ಇದು ಗುರುಗಳಿಗೂ ತಂದೆತಾಯಿಗಳಿಗೂ ಸೇರಿದ್ದು. ಟ್ಯಾಪ್ ಕಲಿಸುವವರು ಮರದ ಹಲಗೆಯ ನೆಲವಿಲ್ಲದೆ ಪಾಠ ಶುರುಮಾಡಲು ಒಪ್ಪುವುದಿಲ್ಲ. ಹಲಗೆ ಪೆಟ್ಟನ್ನು ಸ್ವಲ್ಪ ತಾನು ನುಂಗುತ್ತದೆ. ಸೆಗಣಿ ಸಾರಿಸಿದ ಮಣ್ಣಿನ ನೆಲವೂ ನುಂಗುತ್ತಿತ್ತು. ಸಿಮೆಂಟಿನ ಮೇಲೆ ಹಾಸಿದ ಗ್ರಾನೈಟು, ಟೈಲ್ಸು ಏನನ್ನೂ ನುಂಗುವುದಿಲ್ಲ. ತಟ್ಟಿದ್ದೆಲ್ಲ ಮೊಣಕಾಲಿಗೆ, ಕಣಕಾಲಿನ ಮೂಳೆಗೆ ಹಿಂದಿರುಗುತ್ತದೆ. ಎಂಟು ಹತ್ತು ವರ್ಷದ ಮಕ್ಕಳು ದಿನಕ್ಕೆ ನೂರಾರು ಬಾರಿ ತಟ್ಟುವುದು ಅದರ ಮೇಲೆ. ಕಾಲು ನೋವೆಂದು ಮಗು ಹೇಳಿದರೆ ಅದು ಸೋಮಾರಿತನವೆಂದು ಗದರುವ ಮೊದಲು ಒಮ್ಮೆ ನೆಲ ನೋಡಬೇಕು. ಹಲಗೆ ಹಾಸಲು ಆಗದಿದ್ದರೆ ದಪ್ಪನೆಯ ಜಮಖಾನೆಯಾದರೂ ಹಾಸಿ, ಮೂರನೆಯ ಕಾಲದ ಹೊತ್ತನ್ನು ಕಡಿಮೆ ಮಾಡಿ, ಮೊದಲ ಕಾಲವನ್ನೇ ಹೆಚ್ಚು ಹೊತ್ತು ಮಾಡಿಸಬಹುದು. ಜಮಖಾನೆಯ ಮೇಲೆ ಸದ್ದು ಅಷ್ಟು ಚೆನ್ನಾಗಿ ಕೇಳುವುದಿಲ್ಲ, ನಿಜ. ವಾರಕ್ಕೊಮ್ಮೆ ಅದನ್ನು ಸುತ್ತಿಟ್ಟು, ಬರಿ ನೆಲದ ಮೇಲೆ ನಿಧಾನವಾಗಿ ಒಂದೊಂದೇ ಕಾಲು ತಟ್ಟಿಸಿ ಕೇಳಿಕೊಂಡರೆ ಸಾಕು.